ಗೊರಿಲ್ಲಾದ ಬೆನ್ನ ಹೊಲಿಗೆ

ಗೊರಿಲ್ಲಾ ಎರಡನೇ ಸಲ ಹೀರೋನ ಹಿಂಭಾಗಕ್ಕೆ ಒದೆಯಿತು. ಹೀರೋ ಗಾಳಿಯಲ್ಲೇ ಪಲ್ಟಿ ಹೊಡೆದು ಬಳ್ಳಿಯೊಂದಕ್ಕೆ ಜೋತುಬಿದ್ದ. ಬಳ್ಳಿ ಕಿತ್ತುಬಂದು ಕೆಸರಿನ ಹೊಂಡದಲ್ಲಿ ದೊಪ್ಪೆಂದು ಕುಳಿತ. ಅವನ ನೆತ್ತಿಯ ಮೇಲೆ ಎಲ್ಲಿಂದಲೋ ಬಂದ ಕಪ್ಪೆಯೊಂದು ಕೂತಿತ್ತು.

"ಇಲ್ಲಿ ಜನ ನಗಬೇಕಿತ್ತು" ಎಂದರು ಎಡಿಟರು.

ನಾವು ಮೂವರೂ ನಗಲಿಲ್ಲ. ನಗಿಸಲೆಂದೇ ತೆಗೆದ ಸಿನಿಮಾವನ್ನು ಮುಚ್ಚಿದ ಕೋಣೆಯಲ್ಲಿ ಮೂರು ಜನ ಬಾಯಿ ಬಿಗಿದುಕೊಂಡು ನೋಡುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಮನೆಯಲ್ಲಿ ಒಬ್ಬನೇ ಕೂತು ಊಟ ಮಾಡುವುದು ನನಗೆ ಹನ್ನೊಂದು ವರ್ಷದ ಅಭ್ಯಾಸ. ಅದೂ ಇದಕ್ಕಿಂತ ವಾಸಿ.

ಸಿನಿಮಾದ ಹೆಸರು 'ಗೊರಿಲ್ಲಾ ಮೇಷ್ಟ್ರು'. ಕೊಡೆ ರಿಪೇರಿಯವನೊಬ್ಬ ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಗೊರಿಲ್ಲಾ ಅವನಿಗೆ ಕರಾಟೆ ಕಲಿಸುತ್ತದೆ, ಅವನು ಮರಗಳ್ಳರನ್ನು ಕೊಡೆಯಲ್ಲೇ ಬಡಿದು ಓಡಿಸುತ್ತಾನೆ. ಕಥೆ ಇಷ್ಟೇ. ಇಪ್ಪತ್ತೆಂಟು ವರ್ಷದ ಹಿಂದೆ ಬಿಡುಗಡೆಯಾಗಿ ಮೂರನೇ ದಿನ ಎತ್ತಂಗಡಿಯಾದ ಚಿತ್ರ. ಉಳಿದಿರುವ ಒಂದೇ ಪ್ರತಿ ಎಡಿಟರ ಹತ್ತಿರವಿದೆ ಎಂದು ಹಳೆಯ ಫೈಟ್ ಮಾಸ್ಟರು ಬಾಯಿಬಿಟ್ಟದ್ದರಿಂದ, ಇವತ್ತು ಮಧ್ಯಾಹ್ನ ನಾವು ಈ ಮೂರನೇ ಮಹಡಿಗೆ ಹತ್ತಿಬಂದಿದ್ದೆವು.

ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವಳು ದರ್ಜಿ. ತಾಯಿಯೂ ಇವಳೂ ಸೇರಿ ಬಟ್ಟೆ ಸರಿಮಾಡಿಕೊಡುವ ಪುಟ್ಟ ಅಂಗಡಿ ನಡೆಸುತ್ತಾರೆ. ಇವಳ ಅಪ್ಪ ಈ ಸಿನಿಮಾದ ಡ್ಯೂಪ್. ಹೀರೋ ಬೀಳಬೇಕಾದ ಕಡೆಯೆಲ್ಲ ಬಿದ್ದವನು ಅವನು. ಗೊರಿಲ್ಲಾ ವೇಷದೊಳಗೆ ಇದ್ದವನೂ ಅವನೇ. ಎಷ್ಟು ಎತ್ತರದಿಂದ ಬಿದ್ದರೂ ಎದ್ದು ಮೈ ಕೊಡವಿಕೊಳ್ಳುತ್ತಿದ್ದುದಕ್ಕೆ ಸೆಟ್ಟಿನಲ್ಲಿ ಎಲ್ಲರೂ ಅವನನ್ನು ಬಿದ್ದೇಳಪ್ಪ ಎನ್ನುತ್ತಿದ್ದರಂತೆ.

ಅಂದರೆ ಈಗ ಒದ್ದದ್ದೂ ಅವನೇ, ಒದೆಸಿಕೊಂಡು ಹಾರಿದ್ದೂ ಅವನೇ. ಎರಡನ್ನೂ ಬೇರೆ ಬೇರೆ ದಿನ ತೆಗೆದು ಎಡಿಟರು ಅಂಟಿಸಿದ್ದರು. ಕಾಡಿನ ನಡುವೆ ಒಬ್ಬ ಮನುಷ್ಯ ತನ್ನನ್ನು ತಾನೇ ಒದ್ದುಕೊಂಡ ಹಾಗೆ ಕಂಡು ನನಗೆ ಒಂಥರಾ ಆಯಿತು.

ಶೂಟಿಂಗಿನ ಕೊನೆಯ ತಿಂಗಳ ಎಂಟನೇ ತಾರೀಕು ಅವನು ಫೈಟ್ ಮಾಸ್ಟರ ಜೊತೆ ಜಗಳವಾಡಿ ಚೀಲ ಹೆಗಲಿಗೇರಿಸಿ ಕಾಡಿನ ಕ್ಯಾಂಪಿನಿಂದ ಹೊರಟುಹೋದ ಎಂದು ಸಿನಿಮಾ ಕಂಪನಿ ಮನೆಗೆ ಕಾಗದ ಬರೆದಿತ್ತು. ಆಮೇಲೆ ಅವನನ್ನು ಕಂಡವರಿಲ್ಲ. ಆಗ ಇವಳಿಗೆ ನಾಲ್ಕು ವರ್ಷ. ಮೊದಲ ದಿನ ನನ್ನ ಪತ್ತೇದಾರಿ ಕಚೇರಿಗೆ ಬಂದಾಗ ಇವಳು ಕೇಳಿದ್ದು ಒಂದೇ ಮಾತು. "ಅಪ್ಪ ನನ್ನ ಬಿಟ್ಟು ಹೋದ್ರಾ, ಇಲ್ಲ ಬರೋಕೆ ಆಗ್ಲಿಲ್ವಾ? ಅಷ್ಟು ಹೇಳಿ ಸರ್, ಸಾಕು."

ವಿಮಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ, ಸತ್ತರೆಂದು ಕಾಗದ ಬಂದವರು ನಿಜಕ್ಕೂ ಸತ್ತಿದ್ದಾರೋ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಸತ್ತವರನ್ನು ಬದುಕಿಸಿದ್ದೇನೆ, ಬದುಕಿದ್ದವರನ್ನು ಹಿಡಿದು ತಂದಿದ್ದೇನೆ. ಇಂಥ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮೂರು ರೀಲು ಮುಗಿದರೂ ಅಪ್ಪನ ಮುಖ ಒಮ್ಮೆಯೂ ಕಾಣಲಿಲ್ಲ. ಬರೀ ಬೆನ್ನು, ವಿಗ್ಗು, ಇಲ್ಲವೇ ಗೊರಿಲ್ಲಾದ ಕೂದಲು. ಡ್ಯೂಪಿನ ಮುಖ ಕಂಡರೆ ಆ ಶಾಟ್ ಕಸದ ಬುಟ್ಟಿಗೇ ಎಂದು ಎಡಿಟರು ವಿವರಿಸಿದರು. ಕಸುಬಿನ ಹೆಮ್ಮೆ ಅವರದು. ದರ್ಜಿ ಎಷ್ಟು ಮುಂದಕ್ಕೆ ಬಾಗಿದ್ದಳೆಂದರೆ ಅವಳ ಉಸಿರಿಗೆ ಎಡಿಟಿಂಗ್ ಟೇಬಲ್ಲಿನ ಪುಟ್ಟ ಗಾಜು ಮಸುಕಾಗುತ್ತಿತ್ತು. ಅದನ್ನು ಸೆರಗಿನಿಂದ ಒರೆಸಿ ಮತ್ತೆ ನೋಡುತ್ತಿದ್ದಳು.

"ಹನ್ನೊಂದು ಸಲ ಬಿದ್ದಿದಾರೆ" ಎಂದಳು. "ಹನ್ನೊಂದು ಸಲಾನೂ ಎಡಗೈ."

ಅದು ನಾನೇ ಅವಳಿಗೆ ಹೇಳಿಕೊಟ್ಟಿದ್ದ ಗುರುತು. ಬೀಳುವ ಕಸುಬಿನವರು ಮೈ ನೆಲ ಮುಟ್ಟುವ ಗಳಿಗೆಯಲ್ಲಿ ಅಂಗೈಯಿಂದ ನೆಲಕ್ಕೆ ಬಲವಾಗಿ ಬಡಿಯುತ್ತಾರೆ, ಪೆಟ್ಟಿನ ಅರ್ಧ ಕೈಯಲ್ಲೇ ಹೋಗಿಬಿಡುತ್ತದೆ. ಎಲ್ಲರೂ ಬಡಿಯುವುದು ಬಲಗೈಯಿಂದ. ಬಿದ್ದೇಳಪ್ಪನ ಬಲಭುಜ ಹಿಂದೊಮ್ಮೆ ಮುರಿದಿದ್ದರಿಂದ ಅವನದು ಎಡಗೈ. ಫೈಟ್ ಮಾಸ್ಟರು ಇದನ್ನು ಹೇಳುವಾಗ ತಮ್ಮ ಮಂಚದ ಮೇಲೆ ಬಡಿದೇ ತೋರಿಸಿದ್ದರು.

ನಾಲ್ಕನೇ ರೀಲಿನಲ್ಲಿ ಕಥೆ ಎಡವಿತು. ಗೊರಿಲ್ಲಾ ಮೇಷ್ಟ್ರು ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾರೆ, ಮರುಕ್ಷಣ ಶಿಷ್ಯ ಪೇಟೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದಾನೆ. ಕಾಡೂ ಇಲ್ಲ, ಮೇಷ್ಟ್ರೂ ಇಲ್ಲ.

ಇಷ್ಟು ಕಲಿಸಿದ ಗುರುವಿಗೆ ಒಂದು ವಿದಾಯವೂ ಇಲ್ಲವೇ ಎಂದು ಕೇಳಿದೆ. ತೆಗೆದಿದ್ದರು, ಹಾಳಾಯಿತು, ಬಿಸಾಡಿದೆ ಎಂದರು ಎಡಿಟರು. ವೇಷದೊಳಗೆ ಯಾರಿದ್ದರು ಎಂದು ಕೇಳಿದ್ದಕ್ಕೆ ತಮಗೇನು ಗೊತ್ತು ಎಂದರು. ಎಡಿಟರು ಎಲ್ಲಿಯಾದರೂ ಶೂಟಿಂಗಿಗೆ ಹೋಗುತ್ತಾರೆಯೇ, ತಮಗೆ ಬರುವುದು ಫಿಲ್ಮಿನ ಡಬ್ಬ ಮಾತ್ರ.

"ಈ ಕೋಣೆ ಬಿಟ್ಟು ನಾನು ಎಲ್ಲಿಗೂ ಹೋದವನಲ್ಲ, ಪತ್ತೇದಾರರೇ."

ಅದನ್ನು ನಂಬಬಹುದಿತ್ತು. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಗೋಡೆಯ ಮೊಳೆಗೆ ಒಂದೇ ಅಂಗಿ. ಕೆಳಗಿನ ಎರಡು ಮಹಡಿಗಳಲ್ಲಿ ಹಿಂದೆ ಫಿಲ್ಮ್ ತೊಳೆಯುವ ಲ್ಯಾಬ್ ಇತ್ತಂತೆ, ಈಗ ರಟ್ಟಿನ ಪೆಟ್ಟಿಗೆಗಳ ಗೋದಾಮು. ಮೆಟ್ಟಿಲು ಹತ್ತಿ ಯಾರಾದರೂ ಬಂದು ಎಷ್ಟು ದಿನವಾಗಿತ್ತೋ, ನಮಗೆ ಬಾಗಿಲು ತೆರೆದಾಗ ಅವರ ಗಂಟಲಿನಿಂದ ಮೊದಲಿಗೆ ದನಿಯೇ ಹೊರಡಲಿಲ್ಲ. ನನ್ನ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಫೋನ್ ಎತ್ತಿದಾಗ ನನಗೂ ಹಾಗೇ ಆಗುತ್ತದೆ. ಅದಕ್ಕೇ ಅವರ ಮೇಲೆ ಕರುಣೆ ಬಂತು. ಕರುಣೆ ಬಂದವರನ್ನು ನಾನು ಇನ್ನೊಂದು ಸಲ ಸರಿಯಾಗಿ ನೋಡುತ್ತೇನೆ, ಕಸುಬಿನ ಚಾಳಿ.

ಗೋಡೆಯುದ್ದಕ್ಕೂ ಕಪಾಟು, ತುಂಬ ಡಬ್ಬಗಳು. ಪ್ರತಿಯೊಂದಕ್ಕೂ ಎಡಿಟರು ತಮ್ಮ ಕೈಯಾರೆ ಬರೆದು ಅಂಟಿಸಿದ ಚೀಟಿ. ಮುಚ್ಚಳಗಳೆಲ್ಲ ತುಕ್ಕು ಹಿಡಿದು ಕಂದಾಗಿದ್ದವು. ಕೆಳಗಿನ ಸಾಲಿನಲ್ಲಿ ಒಂದು ಡಬ್ಬದ ಅಂಚು ಮಾತ್ರ ಬೆರಳಾಡಿ ಆಡಿ ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕೆ ಚೀಟಿಯೇ ಇರಲಿಲ್ಲ.

"ಇದನ್ನ ಆಗಾಗ ತೆಗೆದು ನೋಡ್ತೀರಿ ಅಲ್ವಾ?" ಎಂದೆ.

ಎಡಿಟರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅದರಲ್ಲೇನೂ ಇಲ್ಲ, ಉಳಿಕೆ ತುಂಡುಗಳು ಎಂದರು. ಬೇಡ ಎಂದರು. ನನ್ನತ್ತ ನೋಡದೆ ದರ್ಜಿಗೇ ಹೇಳಿದರು.

"ಬೇಡಮ್ಮಾ, ನೋಡ್ಬೇಡ. ನೋಡಿದ್ರೆ ನಿನಗೇ ಕಷ್ಟ."

ಅವಳು ಎದ್ದುಹೋಗಿ ಡಬ್ಬವನ್ನು ಎತ್ತಿ ತಂದು ಟೇಬಲ್ಲಿನ ಮೇಲಿಟ್ಟಳು. ಬೇಡ ಎನ್ನಿಸಿಕೊಂಡೇ ಬೆಳೆದವಳು ಅವಳು.

ಫಿಲ್ಮಿನ ಸುರುಳಿ ಅಂಗೈಯಷ್ಟು ದಪ್ಪ. ಎಡಿಟರು ಅದನ್ನು ಹಲ್ಲುಚಕ್ರಕ್ಕೆ ಸಿಕ್ಕಿಸಿದರು. ಮೊದಲು ಕ್ಲಾಪ್ ಬೋರ್ಡು ಬಂತು, ಸೀಮೆಸುಣ್ಣದಲ್ಲಿ ಬರೆದದ್ದು. ಸೀನ್ 94, ಟೇಕ್ 4, ತಾರೀಕು ಅದೇ ತಿಂಗಳ ಹನ್ನೊಂದು.

ಹನ್ನೊಂದು. ಎಂಟಕ್ಕೇ ಹೊರಟುಹೋದನೆಂದು ಕಂಪನಿ ಬರೆದಿತ್ತು.

ಶಬ್ದವಿಲ್ಲದ ಚಿತ್ರ. ಕಾಡಿನ ಅಂಚಿನ ಬಂಡೆ, ಹಗಲಿನ ಬೆಳಕು. ಗೊರಿಲ್ಲಾ ಬಂಡೆಯ ತುದಿಯಲ್ಲಿ ನಿಂತು ಕ್ಯಾಮೆರಾದ ಕಡೆ ಕೈಮುಗಿದು, ಹಿಂದಕ್ಕೆ ಕಾಲು ಜಾರಿ ಬೀಳುತ್ತದೆ. ಮಣ್ಣಿನ ಇಳಿಜಾರಿನಲ್ಲಿ ಉರುಳಿ ಕೆಳಗೆ ಬಂದು ನಿಲ್ಲುತ್ತದೆ. ಬಿದ್ದ ಆ ಗಳಿಗೆಯಲ್ಲಿ ಅಂಗೈ ನೆಲಕ್ಕೆ ಬಡಿಯಿತು. ಎಡಗೈ.

"ಅಪ್ಪ" ಎಂದಳು ಅವಳು.

ಗೊರಿಲ್ಲಾ ನಮಗೆ ಬೆನ್ನು ಮಾಡಿ ಬಿದ್ದಿತ್ತು. ಕಪ್ಪು ಕೂದಲಿನ ನಡುವೆ ಕತ್ತಿನಿಂದ ಸೊಂಟದವರೆಗೆ ಬಿಳಿ ದಾರದ ಹೊಲಿಗೆಯೊಂದು ಎದ್ದು ಕಾಣುತ್ತಿತ್ತು. ಶಾಟ್ ಹಾಳಾದದ್ದು ಇದರಿಂದಲೇ ಎಂದು ಎಡಿಟರು ಗೊಣಗಿದರು. ಅವಳು ಅವರ ಕೈ ಹಿಡಿದು ಯಂತ್ರವನ್ನು ನಿಲ್ಲಿಸಿ ಭೂತಗನ್ನಡಿಯನ್ನು ಗಾಜಿನ ಮೇಲಿಟ್ಟಳು.

ಆಮೇಲೆ ಅವಳು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಗೊರಿಲ್ಲಾದ ಬೆನ್ನಿಗೆ ಜಿಪ್ ಇಟ್ಟರೆ ಪರದೆಯ ಮೇಲೆ ಕಾಣುತ್ತದೆ. ಅದಕ್ಕೇ ಪ್ರತಿದಿನ ಬೆಳಿಗ್ಗೆ ಮನುಷ್ಯನನ್ನು ಒಳಗೆ ಇಳಿಸಿ ಬೆನ್ನನ್ನು ಹೊಲಿದುಬಿಡುವುದು, ಸಂಜೆ ದಾರ ಕತ್ತರಿಸಿ ಹೊರಗೆ ತೆಗೆಯುವುದು. ಅಂಗೈ ಹೊರಗಿದ್ದಂತೆ ಕಂಡರೂ ಅದು ದಪ್ಪ ರಬ್ಬರಿನ ಕೈಗವಸು, ಒಂದು ದಾರ ಹಿಡಿಯಲೂ ಬರುವುದಿಲ್ಲ. ಒಳಗಿದ್ದವನು ತಾನಾಗಿ ಹೊರಗೆ ಬರುವ ಮಾತೇ ಇಲ್ಲ. ನೀರಡಿಕೆಯಾದರೂ ಇನ್ನೊಬ್ಬರು ಬಾಯಿಗೆ ನಳಿಗೆ ಇಡಬೇಕು.

ಆ ವೇಷವನ್ನು ಹೊಲಿದವಳು ಇವಳ ತಾಯಿ. ಶೂಟಿಂಗಿನ ಮೊದಲ ಎರಡು ವಾರ ನಾನಲ್ಲಿದ್ದು, ಆಮೇಲೆ ಮಗುವಿಗಾಗಿ ಮನೆಗೆ ಬಂದುಬಿಟ್ಟೆ, ನಿಮ್ಮಪ್ಪ ಹೊರಟುಹೋದಾಗ ನಾನು ಮನೆಯಲ್ಲೇ ಇದ್ದೆ ಎಂದು ತಾಯಿ ಇವಳಿಗೆ ಹೇಳಿಕೊಂಡು ಬಂದಿದ್ದಳು.

"ನೋಡಿ ಸರ್" ಎಂದಳು. "ನಾಲ್ಕು ಹೊಲಿಗೆ, ಒಂದು ಗಂಟು. ಮತ್ತೆ ನಾಲ್ಕು, ಮತ್ತೆ ಗಂಟು. ದಾರ ಎಲ್ಲಾದ್ರೂ ಕಿತ್ರೂ ಪೂರ್ತಿ ಬಿಚ್ಕೋಬಾರ್ದು ಅಂತ. ಹೀಗೆ ಹೊಲಿಯೋದು ನಮ್ಮಮ್ಮ ಒಬ್ಬಳೇ. ನನಗೂ ಹೀಗೇ ಕಲಿಸಿದಾಳೆ."

ಹನ್ನೊಂದನೇ ತಾರೀಕು ತಾಯಿ ಕಾಡಿನಲ್ಲಿದ್ದಳು. ಕಪ್ಪು ದಾರ ಮುಗಿದುಹೋಗಿ ಬಿಳಿಯದರಲ್ಲಿ ಗಂಡನನ್ನು ಹೊಲಿದಿದ್ದಳು.

"ಮುಂದೆ ಓಡಿಸಿ" ಎಂದಳು.

ಶಾಟ್ ಮುಗಿದಿತ್ತು, ಆದರೆ ಕ್ಯಾಮೆರಾ ನಿಂತಿರಲಿಲ್ಲ. ಎಡಗಡೆಯಿಂದ ಒಂದು ಪುಟ್ಟ ಮಗು ಬಂತು. ಅಂಥ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರು, ಕಿವಿ ಮುಚ್ಚುವ ಟೋಪಿ. ಮಗು ನೇರ ಗೊರಿಲ್ಲಾದ ಹತ್ತಿರ ನಡೆದು ಅದರ ಬೆನ್ನು ತಟ್ಟಿತು. ಗೊರಿಲ್ಲಾ ಎದ್ದು ಕೂತು, ಆ ದೊಡ್ಡ ರಬ್ಬರಿನ ಕೈಯನ್ನು ಮಗುವಿನ ಟೋಪಿಯ ಮೇಲೆ ಮೆಲ್ಲಗೆ ಇಟ್ಟಿತು.

"ಇದು ನಾನು" ಎಂದಳು. "ಈ ಸ್ವೆಟರ್ ಹಾಕ್ಕೊಂಡಿರೋ ಫೋಟೊ ಮನೇಲಿದೆ. ನಾನು ಅಲ್ಲಿಗೆ ಹೋಗೇ ಇಲ್ಲ ಅಂತಿದ್ಲು ಅಮ್ಮ. ನನಗೆ ಒಂದು ಚೂರೂ ನೆನಪಿಲ್ಲ ಸರ್."

ಆಮೇಲೆ ತಾಯಿ ಬಂದಳು. ಚಿಕ್ಕ ವಯಸ್ಸಿನ, ಬಿರುಸು ನಡಿಗೆಯ ಹೆಂಗಸು. ಕೈಯಲ್ಲಿ ಕತ್ತರಿ. ಗೊರಿಲ್ಲಾದ ಹಿಂದೆ ಮಂಡಿಯೂರಿ ಕತ್ತಿನ ಬಳಿಯ ದಾರಕ್ಕೆ ಕತ್ತರಿ ಹಚ್ಚಿದಳು. ಅಷ್ಟರಲ್ಲಿ ಚಿತ್ರದ ಆಚೆಯಿಂದ ಯಾರೋ ಕರೆದಿರಬೇಕು, ತಲೆಯೆತ್ತಿದಳು. ಏನೋ ಉತ್ತರಿಸಿದಳು. ಮಗುವಿನ ಹಣೆ ಮುಟ್ಟಿ ನೋಡಿದಳು. ಮತ್ತೆ ಆ ಕಡೆ ನೋಡಿದಳು.

ಎದ್ದಳು. ಮಗುವನ್ನು ಸೊಂಟಕ್ಕೇರಿಸಿಕೊಂಡಳು. ಕತ್ತರಿಯನ್ನು ಕೈಯಲ್ಲೇ ಹಿಡಿದು ಚಿತ್ರದಿಂದ ಆಚೆ ನಡೆದುಹೋದಳು.

ಗೊರಿಲ್ಲಾ ಕೂತೇ ಇತ್ತು. ಒಂದು ಕೈಯನ್ನು ಬೆನ್ನಿಗೆ ತರಲು ನೋಡಿತು, ನಿಲುಕಲಿಲ್ಲ. ಇನ್ನೊಂದು ಕೈಯಲ್ಲಿ ಪ್ರಯತ್ನಿಸಿತು. ಆಮೇಲೆ ಅದನ್ನು ಬಿಟ್ಟು, ಮಗು ಹೋದ ದಿಕ್ಕಿಗೆ ಕೈ ಬೀಸಿತು. ಫಿಲ್ಮ್ ಮುಗಿದು ಗಾಜು ಬೆಳ್ಳಗಾಯಿತು.

ಮುಚ್ಚಿಡುವುದೇನು. ಇಷ್ಟು ವರ್ಷ ನೂರಾರು ಹೆಣಗಳ ಫೋಟೊ ನೋಡಿ ಸಹಿ ಹಾಕಿದವನು ನಾನು, ಒಂದು ರಬ್ಬರಿನ ಕೈ ಬೀಸಿದ್ದನ್ನು ನೋಡಲಾಗಲಿಲ್ಲ. ಅವಳು ಅಳಲಿಲ್ಲ. ಬೆಳ್ಳನೆಯ ಗಾಜನ್ನೇ ನೋಡುತ್ತ ಕೂತಿದ್ದಳು. ಅಪ್ಪ ಬಿಟ್ಟುಹೋಗಲಿಲ್ಲ ಎಂದು ತಿಳಿಯಲು ಬಂದವಳು. ಅದು ತಿಳಿಯಿತು, ಆದರೆ ಬಿಟ್ಟುಹೋದವಳು ಅಮ್ಮ ಎಂದೂ ತಿಳಿಯಿತು.

ಎಡಿಟರು ಮೆತ್ತಗೆ ಹೇಳಿದರು. "ಅದಕ್ಕೇ ಬೇಡ ಅಂದೆ. ನಿಮ್ಮಮ್ಮನ ಮರ್ಯಾದೆಗೋಸ್ಕರ ಇಷ್ಟು ವರ್ಷ ಮುಚ್ಚಿಟ್ಟಿದ್ದೆ."

ಮಾತು ಸೊಗಸಾಗಿತ್ತು. ಸೊಗಸಾದ ಮಾತು ಕೇಳಿದರೆ ನನಗೆ ಮೈಯೆಲ್ಲ ತುರಿಕೆ.

ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಕ್ಲಾಪ್ ಬೋರ್ಡಿನ ಮೇಲೆ ನಿಲ್ಲಿಸಲು ಹೇಳಿದೆ. ಆಮೇಲೆ ಕಪಾಟಿನಿಂದ ನಾಲ್ಕನೇ ರೀಲಿನ ಡಬ್ಬ ತಂದು ಗಾಜಿನ ಪಕ್ಕದಲ್ಲಿಟ್ಟೆ. ಚೀಟಿಯ ಮೇಲಿನ 4 ತಲೆ ಬಿಚ್ಚಿಕೊಂಡು, ಕಾಲು ಗೆರೆಯ ಕೆಳಗೆ ಉದ್ದಕ್ಕೆ ಇಳಿದು, ತುದಿಯಲ್ಲಿ ಎಡಕ್ಕೆ ಕೊಕ್ಕೆಯಾಗಿತ್ತು. ಬೋರ್ಡಿನ ಮೇಲಿನ 94, ಟೇಕ್ 4, ಎರಡೂ ಹಾಗೆಯೇ.

"ಈ ಬೋರ್ಡ್ ಬರೆದವರು ನೀವು" ಎಂದೆ. "ಕೋಣೆ ಬಿಟ್ಟು ಹೋಗದವರು ಕಾಡಲ್ಲಿ ಹೇಗೆ ಬರೆದ್ರಿ?"

ಕೆಳಗೆ ಗೋದಾಮಿನಲ್ಲಿ ಯಾರೋ ರಟ್ಟಿನ ಪೆಟ್ಟಿಗೆಗಳನ್ನು ಎಳೆದಾಡುತ್ತಿದ್ದರು.

ಹೋಗಿದ್ದೆ ಎಂದು ಎಡಿಟರು ಒಪ್ಪಿಕೊಂಡರು. ಹೀರೋನ ಪಾದ ಉಳುಕಿ ನಿರ್ದೇಶಕರೂ ಉಳಿದವರೂ ಅವನೊಂದಿಗೆ ಕಾಡಿನಿಂದ ಇಳಿದುಹೋಗಿದ್ದರಂತೆ. ವಿದಾಯದ ಶಾಟ್ ಒಂದು ಬಾಕಿಯಿತ್ತು. ಅದು ಹೇಗಿದ್ದರೆ ಜೋಡಿಸಲು ಬರುತ್ತದೆಂದು ಬಲ್ಲವರು ಎಡಿಟರೇ ಆದ್ದರಿಂದ ಅವರನ್ನು ಕರೆಸಿ ಆ ಶಾಟ್ ತೆಗೆಸಿದರಂತೆ. ಅಲ್ಲಿದ್ದವರು ಐದೇ ಜನ. ಕ್ಯಾಮೆರಾಮನ್, ಎಡಿಟರು, ಬಿದ್ದೇಳಪ್ಪ, ಅವನ ಹೆಂಡತಿ, ಮಗು. ಕ್ಯಾಮೆರಾಮನ್ ತೀರಿಹೋಗಿ ಹತ್ತು ವರ್ಷ.

"ಆಮೇಲೆ?"

"ಆಮೇಲೇನು, ಕ್ಯಾಮೆರಾಮನ್ ತಾನೇ ಜೀಪ್ ತಂದಿದ್ದ. ಹಿಂದೆಲ್ಲ ಪೆಟ್ಟಿಗೆ ತುಂಬಿದ್ವು, ಅವನ ಪಕ್ಕ ಒಂದೇ ಸೀಟು ಖಾಲಿ. ನಾನು ಹತ್ತಿ ಹೊರಟೆ. ಅವರು ಮೂರು ಜನ ಅಲ್ಲೇ ಇದ್ರು. ನಡ್ಕೊಂಡು ಬರ್ತೀವಿ ಅಂದ್ರು. ನನಗೆ ಗೊತ್ತಿರೋದು ಇಷ್ಟೇ."

"ಮತ್ತೆ ನಾವು ಇಲ್ಲಿಗೆ ಬಂದಾಗ ಹೋಗೇ ಇಲ್ಲ ಅಂತ ಯಾಕೆ ಅಂದ್ರಿ?"

"ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ. ಕೇಳಿದ ತಕ್ಷಣ ಬಾಯಿಗೆ ಸುಳ್ಳೇ ಬಂತು."

ಇದು ನಿಜವೆನಿಸಿತು. ಒಂಟಿಯಾಗಿ ಬದುಕುವವರು ತಮ್ಮೊಳಗೆ ಮಾತನ್ನು ನೂರು ಸಲ ಅಭ್ಯಾಸ ಮಾಡಿರುತ್ತಾರೆ, ಹೇಳುವ ಹೊತ್ತಿಗೆ ಅದು ಕೈಕೊಡುತ್ತದೆ. ಆದರೆ ಇದೊಂದು ಮಾತು ನಿಜವಾದ ಮಾತ್ರಕ್ಕೆ ಉಳಿದದ್ದೂ ನಿಜವಾಗಬೇಕೆಂದಿಲ್ಲ.

ನಾನು ಮುಂದಿನ ಪ್ರಶ್ನೆ ಜೋಡಿಸಿಕೊಳ್ಳುವುದರೊಳಗೆ ದರ್ಜಿ ಫೋನ್ ತೆಗೆದು ತಾಯಿಗೆ ಮಾಡಿಬಿಟ್ಟಿದ್ದಳು. ಬೇಡ, ಎದುರಿಗೆ ಕೂತು ಕೇಳೋಣ ಎಂದು ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಫೋನನ್ನು ಟೇಬಲ್ಲಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು. ಊಟ ಆಯಿತಾ, ಎಲ್ಲಿದ್ದೀಯಾ, ನೀಲಿ ಕೋಟಿನ ಗಿರಾಕಿ ಬಂದು ಹೋದರು ಎಂದು ತಾಯಿ ಒಂದೇ ಉಸಿರಿಗೆ ಹೇಳಿದಳು.

"ಅಮ್ಮಾ" ಎಂದಳು ಮಗಳು. "ಹನ್ನೊಂದನೇ ತಾರೀಕು ನೀನು ಕಾಡಲ್ಲಿದ್ದೆ. ನಾನೂ ಇದ್ದೆ. ಅಪ್ಪನ್ನ ಬಿಚ್ಚದೆ ಯಾಕೆ ಬಂದೆ?"

ಯಂತ್ರ ನಿಂತಿತು. ತಾಯಿ ಸುಳ್ಳು ಹೇಳಲು ಹೋಗಲಿಲ್ಲ, ಯಾರು ಹೇಳಿದರೆಂದೂ ಕೇಳಲಿಲ್ಲ.

"ನಿನಗೆ ಮೈ ಸುಡ್ತಿತ್ತು ಪುಟ್ಟಿ" ಎಂದಳು. "ಕಣ್ಣು ಮೇಲೆ ಮೇಲೆ ಮಾಡ್ತಿದ್ದೆ. ಜೀಪಲ್ಲಿ ಒಂದೇ ಸೀಟಿತ್ತು, ಕ್ಯಾಮೆರಾದೋರು ಹೊರಡಿ ಹೊರಡಿ ಅಂತ ಕೂಗ್ತಿದ್ರು. ಅವರನ್ನ ಬಿಚ್ಚೋಕೆ ಕಾಲು ಗಂಟೆ ಬೇಕು, ಅಷ್ಟು ಗಂಟು. ನಿನ್ನ ತೊಡೆ ಮೇಲೆ ಹಾಕ್ಕೊಂಡು ನಾನು ಹತ್ತಿದೆ."

ನಾನು ಎಡಿಟರನ್ನು ನೋಡಿದೆ. ಅವರು ಗಾಜಿನಲ್ಲಿ ನಿಂತಿದ್ದ ಬೋರ್ಡನ್ನು ನೋಡುತ್ತಿದ್ದರು.

"ನನಗ್ಯಾಕೆ ಹೇಳ್ಲಿಲ್ಲ?"

"ನಿನ್ನಿಂದ ಅಪ್ಪನ್ನ ಬಿಟ್ಟು ಬಂದೆ ಅಂತ ನಿನಗೆ ಅನ್ನಿಸ್ಬಾರ್ದಿತ್ತು. ಅದಕ್ಕೇ ಕಂಪನಿ ಕಾಗದದಲ್ಲಿ ತಾರೀಕು ತಪ್ಪಿದ್ರೂ ಸುಮ್ನಾದೆ. ಅವರು ಬೇಕಂತ ಹೋದ್ರು ಅಂದ್ಕೊಂಡ್ರೆ ನೀನು ಅವರ ಮೇಲೆ ಸಿಟ್ಟು ಮಾಡ್ಕೋತೀಯ, ಅಷ್ಟೇ ತಾನೆ. ನಿನ್ನ ಮೇಲೆ ನೀನೇ ಮಾಡ್ಕೊಳ್ಳಲ್ಲ."

ಮಗಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆದ್ದರಿಂದ ಮುಂದಿನ ಪ್ರಶ್ನೆ ನಾನು ಕೇಳಿದೆ. ಕತ್ತರಿ ಏನಾಯಿತು ಎಂದೆ.

"ಎಡಿಟರಣ್ಣನ ಕೈಗೆ ಕೊಟ್ಟೆನಲ್ಲ" ಎಂದಳು ತಾಯಿ, ಇದು ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ. "ಅವರು ಅಲ್ಲೇ ಉಳಿದ್ರು. ನಾನು ಬಿಚ್ಚಿ ಕರ್ಕೊಂಡು ಬರ್ತೀನಿ ತಂಗಿ, ನೀನು ಮಗು ನೋಡ್ಕೋ ಅಂದ್ರು. ಎರಡು ದಿನ ಆದ್ಮೇಲೆ ಬಂದು, ಬಿಚ್ಚಿದ ತಕ್ಷಣ ಇವಳಪ್ಪ ಚೀಲ ತಗೊಂಡು ಹೊರಟುಹೋದ್ರು ಅಂತ ಅವರೇ ಹೇಳಿದ್ರು."

ಜೀಪಿನಲ್ಲಿ ಒಂದು ಸೀಟು, ಅದರಲ್ಲಿ ಕೂತೆ ಎನ್ನುವವರು ಇಬ್ಬರು.

ಫೋನಿನಲ್ಲಿ ತಾಯಿಯ ಉಸಿರು ಕೇಳುತ್ತಿತ್ತು. ಎಡಿಟರು ಅಲ್ಲೇ ಇದ್ದಾರೆಯೇ ಎಂದು ಕೇಳಿದಳು. ಮಗಳು ಹೂಂ ಎಂದು ಫೋನನ್ನು ಅವರ ಮುಂದಕ್ಕೆ ಸರಿಸಿದಳು.

"ಎಡಿಟರಣ್ಣಾ" ಎಂದಳು ತಾಯಿ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಈ ಅನುಮಾನ ಬಂದದ್ದು ಆ ದನಿಯಲ್ಲೇ ತಿಳಿಯುತ್ತಿತ್ತು. "ನೀವು ಅವರ ಹೊಲಿಗೆ ಬಿಚ್ಚಿದ್ರಿ ಅಲ್ವಾ?"

ಎಡಿಟರು ಕೈ ಚಾಚಿ ಫೋನ್ ಆಫ್ ಮಾಡಿದರು.